ಸಣ್ಣ ಅಡುಗೆ ಮನೆಗೆ ಒಂದು ವಾರದ ಸಾಮಾನು ಸಾಕು

ವಿಜಯಪುರದ ನಮ್ಮ ಬಾಡಿಗೆ ಮನೆಯಲ್ಲಿ ಅಡುಗೆ ಕೋಣೆ 7 ಅಡಿ ಅಗಲ, 8 ಅಡಿ ಉದ್ದ ಇದೆ. ಗೋಡೆ ಒಡೆಯುವಂತಿಲ್ಲ, ಕಟ್ಟೆ ಬದಲಿಸುವಂತಿಲ್ಲ. ನಾನು ರೊಟ್ಟಿ ಬಡಿಯುತ್ತಾ ನಿಂತರೆ ಅತ್ತೆಯವರಿಗೆ ಒಳಗೆ ಬಂದು ಒಂದು ತಂಬಿಗೆ ನೀರು ತಗೊಳ್ಳಲೂ ದಾರಿ ಇರುತ್ತಿರಲಿಲ್ಲ. ಬಾಗಿಲಲ್ಲಿ ನಿಂತು "ಸ್ವಲ್ಪ ಸರಿಯವಾ" ಅನ್ನುತ್ತಿದ್ದರು. ಈಗ ಅದೇ ಕೋಣೆಯಲ್ಲಿ ಅವರು ಸ್ಟೂಲ್ ಹಾಕಿಕೊಂಡು ಮೆಂತ್ಯೆ ಸೊಪ್ಪು ಸೋಸುತ್ತಾರೆ, ನಾನು ಒಲೆ ಮುಂದೆ ಇರುತ್ತೇನೆ. ಯಾರೂ ಯಾರಿಗೂ ಸರಿ ಅನ್ನಬೇಕಾಗಿಲ್ಲ.

ಇದಕ್ಕಾಗಿ ಹೊಸದಾಗಿ ಕೊಂಡದ್ದು ಬಹಳ ಕಡಿಮೆ. ಮಾಡಿದ ದೊಡ್ಡ ಕೆಲಸ ಒಂದೇ. ವರ್ಷದ ಸಾಮಾನನ್ನು ಅಡುಗೆ ಮನೆಯಿಂದ ಹೊರಗೆ ಹಾಕಿದೆವು, ವಾರದ ಸಾಮಾನು ಮಾತ್ರ ಒಳಗೆ ಇಟ್ಟುಕೊಂಡೆವು.

ನಮ್ಮ ಕಡೆ ಅಡುಗೆ ಮನೆ ಇಕ್ಕಟ್ಟಾಗುವುದಕ್ಕೆ ನಮ್ಮದೇ ಕಾರಣಗಳಿವೆ. ವರ್ಷಕ್ಕಾಗುವಷ್ಟು ಜೋಳ, ತೊಗರಿ ಬೇಳೆ, ಶೇಂಗಾ, ಹುಣಸೆಹಣ್ಣು ಒಂದೇ ಸಲ ತಂದು ತುಂಬುತ್ತೇವೆ. ಬೇಸಿಗೆಯಲ್ಲಿ ಖಾರ ಕುಟ್ಟಿಸುತ್ತೇವೆ. ಹಪ್ಪಳ, ಸಂಡಿಗೆ ಮಾಡಿಡುತ್ತೇವೆ. ನಳ ದಿನಾ ಬರದ ಓಣಿಗಳಲ್ಲಿ ನೀರನ್ನೂ ತುಂಬಿಡಬೇಕು. ಹಿಂದೆ ಹಳ್ಳಿ ಮನೆಗಳಲ್ಲಿ ಇದಕ್ಕೆಲ್ಲ ಬೇರೆ ಬೇರೆ ಜಾಗ ಇತ್ತು. ಕಾಳು ನೆಲದೊಳಗಿನ ಹಗೇವಿನಲ್ಲಿ ಇರುತ್ತಿತ್ತು. ದೊಡ್ಡ ಭಾಂಡೆ ನಾಗೊಂದಿ ಮೇಲೆ, ಅಂದರೆ ಗೋಡೆಯ ಎತ್ತರದ ಹಲಗೆಯ ಮೇಲೆ, ಹಾಲು ಮೊಸರು ಚಾವಣಿಗೆ ತೂಗು ಹಾಕಿದ ನೆಲುವಿನಲ್ಲಿ. ಒಲೆಯ ಹತ್ತಿರ ಅವತ್ತಿಗೆ ಬೇಕಾದದ್ದಷ್ಟೇ ಬರುತ್ತಿತ್ತು. ಈಗ ಆ ಎಲ್ಲ ಜಾಗಗಳನ್ನೂ ಒಂದೇ ಸಣ್ಣ ಕೋಣೆಗೆ ತುರುಕಿದ್ದೇವೆ ಅಲ್ವಾ? ಅದನ್ನು ಮತ್ತೆ ಬಿಡಿಸುವುದು ಹೇಗೆ ಅಂತ ನಾವು ಮಾಡಿದ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಟೇಪ್ ಹಿಡಿಯಿರಿ

ಏನನ್ನೂ ಕೊಳ್ಳುವ ಮೊದಲು ಅಳತೆ ತಗೊಳ್ಳಿ. ಒಂದು ಹಾಳೆಯಲ್ಲಿ ಕೋಣೆಯ ಚಿತ್ರ ಬರೆದು, ಕಟ್ಟೆ, ಸಿಂಕ್, ಕಿಟಕಿ, ಬಾಗಿಲು, ಫ್ರಿಜ್ ಎಲ್ಲೆಲ್ಲಿವೆ ಅಂತ ಇಂಚಿನಲ್ಲಿ ಗುರುತು ಹಾಕಿ. ಅಳತೆ ಬರೆದಾಗಲೇ ನಮಗೆ ಸತ್ಯ ಗೊತ್ತಾಯಿತು. 7 ಅಡಿ ಅಂದರೆ 84 ಇಂಚು. ಕಟ್ಟೆಯ ಆಳ 24 ಇಂಚು. ಎದುರು ಗೋಡೆಗೆ ನಿಲ್ಲಿಸಿದ್ದ ಒಂದು ಬಾಗಿಲಿನ ಫ್ರಿಜ್ 26 ಇಂಚು. ನಡುವೆ ಉಳಿದದ್ದು 34 ಇಂಚು. ಫ್ರಿಜ್ ಬಾಗಿಲು ತೆಗೆದರೆ ಅದರಲ್ಲೂ 21 ಇಂಚು ಹೋಗುತ್ತಿತ್ತು. ಉಳಿದ 13 ಇಂಚಿನಲ್ಲಿ ಮನುಷ್ಯರು ಹೇಗೆ ನಿಲ್ಲಬೇಕು?

ಫ್ರಿಜ್ ಅವತ್ತೇ ಪಡಸಾಲೆಗೆ ಹೋಯಿತು. ಹಾಲಿಗೆ, ತರಕಾರಿಗೆ ನಾಲ್ಕು ಹೆಜ್ಜೆ ನಡೆಯಬೇಕು, ಅಷ್ಟೇ. ನಿಮ್ಮ ಮನೆಯಲ್ಲೂ ಸಾಧ್ಯವಿದ್ದರೆ ಫ್ರಿಜ್ಜನ್ನೇ ಮೊದಲು ಹೊರಗೆ ಕಳಿಸಿ. ಹಿಂದೆ ಗೋಡೆಗೆ ಒತ್ತಿ ನಿಲ್ಲಿಸಬೇಡಿ, ಬಿಸಿ ಗಾಳಿ ಹೋಗಲು ಸ್ವಲ್ಪ ಸಂದು ಬಿಡಿ. ಒಲೆಯ ಪಕ್ಕ ಇದ್ದ ಫ್ರಿಜ್ ಒಲೆಯ ಕಾವಿಗೆ ಜಾಸ್ತಿ ಕರೆಂಟ್ ತಿನ್ನುತ್ತದೆ. ಹಾಗಾಗಿ ಹೊರಗೆ ಇಡುವುದರಿಂದ ಅದಕ್ಕೂ ಒಳ್ಳೆಯದು.

ಅಡುಗೆ ಮನೆಯ ಬಾಗಿಲನ್ನೂ ನೋಡಿ. ಒಳಕ್ಕೆ ತೆರೆಯುವ ಬಾಗಿಲು ಒಂದು ಮೂಲೆಯನ್ನೇ ನುಂಗುತ್ತದೆ. ನಾವು ಮನೆ ಮಾಲೀಕರನ್ನು ಕೇಳಿ ಬಾಗಿಲಿನ ಹಲಗೆ ಬಿಚ್ಚಿ ಅಟ್ಟದ ಮೇಲೆ ಇಟ್ಟೆವು. ಈಗ ಆ ಮೂಲೆಯಲ್ಲಿ ಅತ್ತೆಯವರ ಸ್ಟೂಲ್ ಇದೆ.

ಒಂದು ದಿನ ಎಲ್ಲವೂ ಹೊರಗೆ

ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ಮಾಡಿಕೊಂಡು ತಿಂದು ಶುರು ಮಾಡಿ. ಪಡಸಾಲೆಯಲ್ಲಿ ಹಳೆ ಸೀರೆ ಅಥವಾ ಚಾಪೆ ಹಾಸಿ, ಅಡುಗೆ ಮನೆಯ ಪ್ರತಿಯೊಂದು ವಸ್ತುವನ್ನೂ ಅಲ್ಲಿಗೆ ತನ್ನಿ. ಅರ್ಧ ತೆಗೆದು ಅರ್ಧ ಬಿಡಬೇಡಿ. ಕಪಾಟಿನಲ್ಲಿ ಇದ್ದಾಗ ಎಲ್ಲವೂ ಬೇಕು ಅನ್ನಿಸುತ್ತದೆ. ನೆಲದ ಮೇಲೆ ಹರಡಿದಾಗ ಒಂಬತ್ತು ಸೌಟು ಕಣ್ಣಿಗೆ ಬೀಳುತ್ತವೆ.

ಆಮೇಲೆ ಮೂರು ಗುಂಪು ಮಾಡಿ: ದಿನಾ ಬೇಕಾಗುವುದು, ವಾರಕ್ಕೊಮ್ಮೆ ಬೇಕಾಗುವುದು, ಹಬ್ಬಕ್ಕೆ ಬೇಕಾಗುವುದು. ಹೋಳಿಗೆ ಮಾಡುವ ದೊಡ್ಡ ಹಂಚು, ಹೂರಣ ರುಬ್ಬುವ ಯಂತ್ರ, ಮದುವೆ ಮುಂಜಿಗೆ ಬೇಕಾಗುವ ಪಾತೇಲಿ, ಇವೆಲ್ಲ ಮೂರನೇ ಗುಂಪು. ದಿನದ ಗುಂಪು ನೀವು ಅಂದುಕೊಂಡದ್ದಕ್ಕಿಂತ ಸಣ್ಣದಿರುತ್ತದೆ. ನಾವು ಮನೆಯಲ್ಲಿ ಐದು ಜನ. ದಿನಾ ಬಳಸುವುದು ಎರಡು ಕುಕ್ಕರ್, ಮೂರು ಪಾತ್ರೆ, ಒಂದು ಬಾಣಲೆ, ಒಂದು ಹಂಚು, ಹಿಟ್ಟು ಕಲಸುವ ಪರಾತ, ಚಹಾ ಪಾತ್ರೆ, ಇಷ್ಟೇ.

ಇನ್ನು ಉಡುಗೊರೆಯ ಭಾಂಡೆಗಳ ಮಾತು. ಮದುವೆಯಲ್ಲಿ ಬಂದ ಸ್ಟೀಲ್ ಡಬ್ಬಿ, ತಟ್ಟೆ, ಕೊಡ. ಒಂದೊಂದರ ಮೇಲೂ ಕೊಟ್ಟವರ ಹೆಸರು ಕೊರೆದಿರುತ್ತದೆ. ಅದನ್ನು ಗುಜರಿಗೆ ಹಾಕಲು ಕೈ ಬರುವುದಿಲ್ಲ, ನನಗೂ ಬರಲಿಲ್ಲ. ಅವ್ವನ ಕಡೆಯಿಂದ ಬಂದವನ್ನು ಒಂದು ಟ್ರಂಕಿನಲ್ಲಿ ಜೋಪಾನ ಮಾಡಿ ಮಂಚದ ಕೆಳಗೆ ಇಟ್ಟೆ. ಉಳಿದವುಗಳಲ್ಲಿ ಒಂದೇ ಅಳತೆಯ ಚೌಕದ ಡಬ್ಬಿಗಳನ್ನು ಆರಿಸಿ ಬಳಕೆಗೆ ತಗೊಂಡೆ. ತಳ ಸೋರುವ, ಮುಚ್ಚಳ ಕೂಡದ ಡಬ್ಬಿಗಳು ಮಾತ್ರ ಗುಜರಿಗೆ ಹೋದವು.

ಚೌಕದ ಡಬ್ಬಿ ಯಾಕೆ ಅಂದರೆ, ದುಂಡು ಡಬ್ಬಿಗಳನ್ನು ಸಾಲಾಗಿ ಇಟ್ಟಾಗ ಅವುಗಳ ನಡುವೆ ಮೂಲೆಗಳು ಖಾಲಿ ಉಳಿಯುತ್ತವೆ. ಲೆಕ್ಕ ಹಾಕಿದರೆ ಹಲಗೆಯ ಮೇಲಿನ ಜಾಗದಲ್ಲಿ 100ಕ್ಕೆ 21 ಭಾಗ ಸುಮ್ನೆ ಹೋಗುತ್ತದೆ. ಐದು ಹಲಗೆ ಇದ್ದರೆ ಒಂದು ಹಲಗೆ ಪೂರ್ತಿ ಹಾಳಾದ ಹಾಗೆ. ಇದಕ್ಕಾಗಿ ಹೊಸ ಡಬ್ಬಿ ಕೊಳ್ಳಲು ಹೋಗಬೇಡಿ. ಮನೆಯಲ್ಲಿರುವುದನ್ನು ಮೊದಲು ಎಣಿಸಿ.

ಜೋಳ, ಹಿಟ್ಟು, ಖಾರ

ನಮ್ಮ ಅಡುಗೆ ಮನೆ ನಿಜವಾಗಿ ದೊಡ್ಡದಾದದ್ದು ಈ ಹಂತದಲ್ಲಿ. ಕಟ್ಟೆಯ ಕೆಳಗೆ ಜೋಳದ ಎರಡು ಚೀಲ, ಪಕ್ಕದಲ್ಲಿ ಹಿಟ್ಟಿನ ದೊಡ್ಡ ಡಬ್ಬ, ಅದರ ಮೇಲೆ ಶೇಂಗಾ ಡಬ್ಬ ಇದ್ದವು. ಹಿಟ್ಟು ಬೇಕಾದಾಗೆಲ್ಲ ಮೇಲಿನದನ್ನು ಇಳಿಸಬೇಕು, ಬಗ್ಗಬೇಕು, ಮತ್ತೆ ಏರಿಸಬೇಕು.

ಜೋಳದ ಚೀಲಗಳನ್ನು ಮಲಗುವ ಕೋಣೆಯ ಮೂಲೆಗೆ ಒಯ್ದೆವು. ನೆಲದ ತೇವ ತಗುಲದಂತೆ ಕೆಳಗೆ ಮರದ ಹಲಗೆ ಹಾಕಿದೆವು, ಗೋಡೆಯಿಂದ ಒಂದು ಗೇಣು ದೂರ ಬಿಟ್ಟೆವು. ಚೆನ್ನಾಗಿ ಒಣಗಿಸಿದ ಜೋಳಕ್ಕೆ ಒಣ ಬೇವಿನ ಸೊಪ್ಪು ಬೆರೆಸಿದ್ದೇವೆ. ಮೇಲೆ ಒಂದು ಹಲಗೆ, ಅದರ ಮೇಲೆ ಗುಳೇದಗುಡ್ಡದ ಹಳೆ ಖಣದ ಬಟ್ಟೆ ಹಾಸಿದ ಮೇಲೆ ಅದು ಚೀಲ ಅಂತ ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ.

ಹಿಟ್ಟಿನ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಒಂದೇ ಸಲ ತಿಂಗಳ ಹಿಟ್ಟು ಬೀಸಿಸಬೇಡಿ. ಜೋಳದ ಹಿಟ್ಟು ಹಳೆಯದಾದಂತೆ ಅದರ ಜಿಗಿ ಹೋಗುತ್ತದೆ. ಬಡಿಯುವಾಗ ರೊಟ್ಟಿಯ ಅಂಚು ಸೀಳುತ್ತದೆ, ಹಂಚಿಗೆ ಹಾಕಲು ಎತ್ತಿದರೆ ಕೈಯಲ್ಲೇ ಹರಿಯುತ್ತದೆ. ಹೊಸ ಹಿಟ್ಟು ಹಾಗಲ್ಲ. ಬಿಸಿನೀರು ಹಾಕಿ ನಾದಿದರೆ ಮೆತ್ತಗೆ ಕೂಡಿಕೊಳ್ಳುತ್ತದೆ, ಅಂಗೈ ತಿರುಗಿಸಿದ ಹಾಗೆ ಹರಡುತ್ತದೆ. ವಾರಕ್ಕೆ 5 ಕೆಜಿ ಬೀಸಿಸಿದರೆ ರೊಟ್ಟಿಯೂ ಚೆನ್ನಾಗಿ ಬರುತ್ತದೆ, ದೊಡ್ಡ ಡಬ್ಬವೂ ಬೇಡ. ನಮ್ಮ ಮನೆಯಲ್ಲಿ ಶನಿವಾರ ಗಿರಣಿಗೆ ಹೋಗುವ ಕೆಲಸ ಮಗನದು.

ಖಾರಕ್ಕೂ ಇದೇ ಕ್ರಮ. ವರ್ಷದ ಖಾರ ಒಣ ಭರಣಿಯಲ್ಲಿ, ಬೆಳಕು ಬೀಳದ ಜಾಗದಲ್ಲಿ, ಬೇರೆ ಕೋಣೆಯಲ್ಲಿ ಇರಲಿ. ಒಲೆಯ ಕಾವಿಗೂ ಬೆಳಕಿಗೂ ಖಾರದ ಕೆಂಪು ಕಂದುತ್ತದೆ, ಹಾಗಾಗಿ ಅಡುಗೆ ಮನೆ ಅದಕ್ಕೆ ಒಳ್ಳೆಯ ಜಾಗವೇ ಅಲ್ಲ. ಕಾಲು ಕೆಜಿ ಹಿಡಿಯುವ ಡಬ್ಬಿ ಮಾತ್ರ ಒಳಗೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಮೂರಕ್ಕೂ ಸಣ್ಣ ಬಾಟಲಿಗಳು ಸಾಕು.

ನೆಲ ಕಾಣಲಿ

ಗೋಳಗುಮ್ಮಟದೊಳಗೆ ಕಾಲಿಟ್ಟಾಗ ಎದೆ ಹಗುರಾಗುತ್ತದೆ. 1656ರ ಹೊತ್ತಿಗೆ ಕಟ್ಟಿದ ಆ ಕಟ್ಟಡದಲ್ಲಿ ಅಷ್ಟು ದೊಡ್ಡ ಗುಮ್ಮಟಕ್ಕೆ ನಡುವೆ ಒಂದು ಕಂಬವೂ ಇಲ್ಲ. ಗೋಡೆಯಿಂದ ಗೋಡೆಗೆ ಕಣ್ಣಿಗೆ ತಡೆಯೇ ಇಲ್ಲ. ನಮ್ಮ ಸಣ್ಣ ಕೋಣೆಗೂ ಅದೇ ನಿಯಮ. ಬಾಗಿಲಲ್ಲಿ ನಿಂತವರಿಗೆ ಎದುರು ಗೋಡೆಯ ಬುಡ ಕಾಣುತ್ತಿದ್ದರೆ ಕೋಣೆ ದೊಡ್ಡದು ಅನ್ನಿಸುತ್ತದೆ. ಹಾಗಾಗಿ ನೆಲದ ಮೇಲೆ ನಿಂತಿರುವ ಒಂದೊಂದು ವಸ್ತುವನ್ನೂ ನೋಡಿ, ಇದು ಇಲ್ಲೇ ಇರಬೇಕಾ ಅಂತ ಕೇಳಿಕೊಳ್ಳಿ.

ಬಳಸುವ ನೀರಿನ ಡ್ರಮ್ಮು ಬಚ್ಚಲಿಗೆ ಹೋಗಲಿ. ಕುಡಿಯುವ ನೀರು ಮಾತ್ರ ಒಳಗೆ. ನಳ ಬರುವ ದಿನ ತುಂಬುವ ಹೆಚ್ಚಿನ ಕೊಡಗಳನ್ನು ನಾವು ಪಡಸಾಲೆಯ ಮೂಲೆಯಲ್ಲಿ ಒಂದರ ಮೇಲೊಂದು ಇಡುವ ಕಬ್ಬಿಣದ ಸ್ಟ್ಯಾಂಡಿನಲ್ಲಿ ಇಟ್ಟಿದ್ದೇವೆ.

ಸಿಲಿಂಡರ್ ವಿಷಯದಲ್ಲಿ ಜಾಗಕ್ಕಿಂತ ಜೀವ ದೊಡ್ಡದು, ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಮನೆಬಳಕೆಯ 14.2 ಕೆಜಿ ಸಿಲಿಂಡರ್ ಯಾವಾಗಲೂ ನೇರ ನಿಂತಿರಬೇಕು. ಜಾಗ ಉಳಿಸಲು ಅಡ್ಡ ಮಲಗಿಸಬಾರದು. ಒಲೆ ಸಿಲಿಂಡರ್‌ಗಿಂತ ಎತ್ತರದಲ್ಲಿರಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದ ಮೇಲೆ ಹರಡಿ ಕೂರುತ್ತದೆ. ಅದಕ್ಕೇ ಕಟ್ಟೆಯ ಕೆಳಗೆ ಸಿಲಿಂಡರ್ ಇಟ್ಟು ಚೆಂದ ಕಾಣಲಿ ಅಂತ ಪೂರ್ತಿ ಮುಚ್ಚುವ ಬಾಗಿಲು ಹಾಕಿಸಬೇಡಿ. ಬಾಗಿಲು ಬೇಕೇ ಬೇಕು ಅಂದರೆ ಅದರ ಬುಡದಲ್ಲಿ ಗಾಳಿ ಆಡುವ ದೊಡ್ಡ ಜಾಲರಿ ಇರಲಿ. ರಬ್ಬರ್ ಪೈಪ್ ಒಂದೂವರೆ ಮೀಟರ್‌ಗಿಂತ ಉದ್ದ ಬೇಡ, ಗೋಡೆಯೊಳಗಿಂದ ಹಾಯಿಸುವುದೂ ಬೇಡ, ಐದು ವರ್ಷಕ್ಕೊಮ್ಮೆ ಬದಲಿಸಿ. ತುಂಬಿದ ಎರಡನೇ ಸಿಲಿಂಡರ್ ಬಿಸಿಲು ಬೀಳದ, ಗಾಳಿ ಆಡುವ ಜಾಗದಲ್ಲಿ ಹೊರಗೆ ಇರಲಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆಗೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಕಟ್ಟೆಯ ಮೇಲೆ ಏನಿರಬೇಕು

ಒಲೆ, ದಿನದ ಎಣ್ಣೆ ಮತ್ತು ಉಪ್ಪು, ಒಂದು ಮಿಕ್ಸರ್. ನಮ್ಮದು ಇಷ್ಟೇ. ಮಿಕ್ಸರನ್ನೂ ತೆಗೆದಿಟ್ಟು ನೋಡಿದೆವು, ದಿನಕ್ಕೆ ಎರಡು ಸಲ ಎತ್ತಿ ಇಳಿಸಿ ಸಾಕಾಯಿತು. ದಿನಾ ಬಳಸುವುದು ಕೈಗೆ ಸಿಗುವಂತೆ ಇರಲೇಬೇಕು, ಇಲ್ಲದಿದ್ದರೆ ಎಂಟು ದಿನಕ್ಕೆ ಎಲ್ಲ ಮೊದಲಿನ ಹಾಗೆ ಆಗುತ್ತದೆ.

ಕಟ್ಟೆಯ ಅತಿ ಮುಖ್ಯ ಭಾಗ ರೊಟ್ಟಿಯ ಜಾಗ. ಒಲೆಯ ಪಕ್ಕ ಎರಡು ಅಡಿ ಅಗಲ, ಎರಡು ಅಡಿ ಆಳ ಯಾವಾಗಲೂ ಖಾಲಿ ಇರಲಿ. ಅಲ್ಲಿ ಒಂದು ಚಮಚವನ್ನೂ ಇಡಬೇಡಿ. ಈ ಒಂದು ಖಾಲಿ ಜಾಗ ಇಡೀ ಅಡುಗೆ ಮನೆಗೆ ಉಸಿರು ಕೊಡುತ್ತದೆ. ಗೋಡೆಗೆ ಮಡಚುವ ಹಲಗೆ ಹಾಕಿಸಿ ಅದರ ಮೇಲೆ ರೊಟ್ಟಿ ಬಡಿಯಬಹುದಾ ಅಂತ ನನ್ನ ವೈನಿ ಕೇಳಿದ್ದರು. ಬೇಡ ಅಂದೆ. ಬಡಿತಕ್ಕೆ ಹಲಗೆ ಅದುರುತ್ತದೆ, ಕೀಲು ಸಡಿಲಾಗುತ್ತದೆ. ರೊಟ್ಟಿಗೆ ಕಲ್ಲಿನ ಕಟ್ಟೆಯೇ ಬೇಕು. ತರಕಾರಿ ಹೆಚ್ಚಲು, ಮಕ್ಕಳು ತಿಂಡಿ ತಿನ್ನಲು ಒಂದೂವರೆ ಅಡಿ ಅಗಲದ ಮಡಚುವ ಹಲಗೆ ಬಹಳ ಉಪಯೋಗ. ಕೆಲಸ ಮುಗಿದ ಮೇಲೆ ಗೋಡೆಗೆ ಮಡಚಿದರೆ ನೆಲ ಮತ್ತೆ ಖಾಲಿ.

ಗೋಡೆಯನ್ನು ದುಡಿಸಿಕೊಳ್ಳಿ, ತುಂಬಬೇಡಿ

ನಾಗೊಂದಿಯನ್ನು ಮತ್ತೆ ತನ್ನಿ ಅನ್ನುತ್ತೇನೆ ನಾನು. ಬಾಗಿಲಿನ ಚೌಕಟ್ಟಿನ ಮೇಲಿನ ಮಟ್ಟದಲ್ಲಿ, ಅಂದರೆ ಸುಮಾರು 7 ಅಡಿ ಎತ್ತರದಲ್ಲಿ, ಒಂದು ಅಡಿ ಅಗಲದ ಹಲಗೆಯನ್ನು ಗೋಡೆಯುದ್ದಕ್ಕೂ ಹಾಕಿಸಿದರೆ ವಾರದ ಮತ್ತು ಹಬ್ಬದ ಭಾಂಡೆಗಳು ಅಲ್ಲಿಗೆ ಹೋಗುತ್ತವೆ. ಅದು ತಲೆಗೆ ತಾಗುವುದಿಲ್ಲ, ಕಣ್ಣಿನ ಮಟ್ಟದಲ್ಲಿ ಗೋಡೆ ಖಾಲಿ ಉಳಿಯುತ್ತದೆ. ಪಾತ್ರೆಗಳನ್ನು ಒಂದರೊಳಗೊಂದು ಇಟ್ಟು, ಬಾಯಿ ಕೆಳಗೆ ಮಾಡಿ ಇಡಿ.

ಕಣ್ಣಿನ ಮಟ್ಟದಲ್ಲಿ ನಾಲ್ಕು ಇಂಚು ಆಳದ ಒಂದು ತೆಳು ಹಲಗೆ ಸಾಕು. ಅದರಲ್ಲಿ ಡಬ್ಬಿಗಳು ಒಂದೇ ಸಾಲು ನಿಲ್ಲುತ್ತವೆ. ಹಿಂದೆ ಅಡಗುವ ಡಬ್ಬಿ ಇರುವುದಿಲ್ಲ, ಜೀರಿಗೆ ಇದ್ದೂ ಇಲ್ಲ ಅಂತ ಮತ್ತೆ ತರುವ ಪ್ರಸಂಗವೂ ಬರುವುದಿಲ್ಲ. ಒಲೆಯ ಮೇಲೆ ಮಾತ್ರ ಮರದ ಹಲಗೆ ಬೇಡ. ಅಲ್ಲಿ ಕನಿಷ್ಠ ಎರಡೂವರೆ ಅಡಿ ಖಾಲಿ ಬಿಡಿ.

ಇಲ್ಲಿ ನಮ್ಮ ಮನೆಯಲ್ಲಿ ಒಂದು ಅನಾಹುತ ಆಯಿತು. ಒಬ್ಬ ಬಡಿಗರು ಬಂದು ಸಣ್ಣ ಸ್ಕ್ರೂ ಹಾಕಿ ಹಲಗೆ ಕೂರಿಸಿ ಹೋದರು. ಮೂರನೇ ವಾರ ರಾತ್ರಿ ಅದು ಡಬ್ಬಿಗಳ ಸಮೇತ ಬಿತ್ತು. ಬೆಳಿಗ್ಗೆ ನೋಡಿದರೆ ಗಿಲಾವು ಮಾತ್ರ ಚಕ್ಕೆ ಎದ್ದು ಬಂದಿತ್ತು. ಸ್ಕ್ರೂ ಒಳಗಿನ ಇಟ್ಟಿಗೆಯನ್ನು ಮುಟ್ಟಿಯೇ ಇರಲಿಲ್ಲ. ಗಿಲಾವಿನ ದಪ್ಪ ಅರ್ಧ ಮುಕ್ಕಾಲು ಇಂಚು ಇರುತ್ತದೆ, ಅದು ಭಾರ ಹೊರುವುದಿಲ್ಲ. ಭಾಂಡೆ ಇಡುವ ಹಲಗೆಗೆ ಕನಿಷ್ಠ ಎರಡು ಇಂಚಿನ ಸ್ಕ್ರೂ, ಅದಕ್ಕೆ ತಕ್ಕ ಪ್ಲಗ್, ಎರಡು ಅಡಿಗೊಂದು ಬ್ರಾಕೆಟ್ ಹಾಕಿಸಿ. ನೀವು ಪಕ್ಕದಲ್ಲೇ ನಿಂತು ನೋಡಿ. ಕೊರೆಯುವ ಮೊದಲು ಒಳಗೆ ನೀರಿನ ಪೈಪ್, ವೈರ್ ಎಲ್ಲಿ ಹೋಗಿದೆ ಅಂತ ವಿಚಾರಿಸಿ.

ಒಣಗಿಸಿದ ಕಟಕ ರೊಟ್ಟಿಯ ಬುಟ್ಟಿಯನ್ನು ಚಾವಣಿಯ ಕೊಂಡಿಗೆ ತೂಗು ಹಾಕಿ. ರೊಟ್ಟಿಗೆ ಗಾಳಿ ಬೇಕು, ಇರುವೆ ಹತ್ತಬಾರದು. ನೆಲುವು ಇದ್ದದ್ದೇ ಇದಕ್ಕೆ. ಲಟ್ಟಣಿಗೆ, ಜರಡಿ, ಇಕ್ಕಳ ಒಂದು ಸರಳಿನ ಮೇಲೆ ತೂಗಲಿ. ಆದರೆ ಎಲ್ಲ ಗೋಡೆಗೂ ಕೊಂಡಿ ಬಡಿಯಬೇಡಿ. ಒಂದು ಗೋಡೆಯನ್ನಾದರೂ ಪೂರ್ತಿ ಖಾಲಿ ಬಿಡಿ.

ಬೆಳಕು, ಗಾಳಿ, ಬಣ್ಣ

ಹಳೆ ಮಾಳಿಗೆ ಮನೆಗಳಲ್ಲಿ ಅಡುಗೆ ಕೋಣೆಗೆ ಕಿಟಕಿ ಇಲ್ಲದಿದ್ದರೂ ಮೇಲೆ ಬೆಳಕಿಂಡಿ ಇರುತ್ತಿತ್ತು. ಅದರಿಂದ ಬೆಳಕೂ ಬರುತ್ತಿತ್ತು, ಹೊಗೆಯೂ ಹೋಗುತ್ತಿತ್ತು. ನಿಮ್ಮ ಮನೆಯಲ್ಲಿ ಇದ್ದು ಮುಚ್ಚಿದ್ದರೆ ದಯವಿಟ್ಟು ತೆಗೆಸಿ, ಗಾಜು ಹಾಕಿಸಿ.

ಕಿಟಕಿ ಇರುವವರು ಅದರ ಕಟ್ಟೆ ಖಾಲಿ ಮಾಡಿ. ನಮ್ಮ ಕಿಟಕಿಯಲ್ಲಿ ಉಪ್ಪಿನಕಾಯಿ ಭರಣಿ, ಸಾಬೂನು, ಹಳೆ ಬಾಟಲಿ ಇದ್ದವು. ಅವನ್ನು ತೆಗೆದು, ಗಾಜಿಗೆ ಹತ್ತಿದ್ದ ಎಣ್ಣೆ ಜಿಡ್ಡನ್ನು ಬಿಸಿನೀರು ಮತ್ತು ವಾಷಿಂಗ್ ಸೋಡಾದಿಂದ ತಿಕ್ಕಿದಾಗ ಬೆಳಗಿನ ಬಿಸಿಲು ಎದುರು ಗೋಡೆಯವರೆಗೆ ಬಂತು. ಅತ್ತೆಯವರು ಒಳಗೆ ಬಂದವರೇ "ಲೈಟ್ ಯಾಕ ಹಚ್ಚೀದಿ?" ಅಂದರು. ಲೈಟ್ ಹಚ್ಚಿರಲಿಲ್ಲ.

ಗೋಡೆಗೆ ಬಿಳಿ ಅಥವಾ ಕೆನೆ ಬಣ್ಣ, ಚಾವಣಿಗೆ ಅಚ್ಚ ಬಿಳಿ. ಒಲೆಯ ಹಿಂದೆ ಟೈಲ್ಸ್ ಇಲ್ಲದಿದ್ದರೆ ತೊಳೆಯಬಹುದಾದ ಆಯಿಲ್ ಪೇಂಟ್ ಬಳಿಸಿ. ನಮ್ಮ ಕಡೆ ಕಡಪಾ ಕಲ್ಲಿನ ಹಲಗೆಗಳೇ ಜಾಸ್ತಿ. ಗಟ್ಟಿ, ಅಗ್ಗ, ಆದರೆ ಕಪ್ಪು. ಅವನ್ನು ಕೀಳುವುದು ಬೇಡ. ಹಲಗೆಗಳ ನಡುವಿನ ಗೋಡೆಗೆ ಬಿಳಿ ಬಳಿದು, ಕಲ್ಲಿನ ಮೇಲೆ ತಿಳಿ ಬಣ್ಣದ ಹಾಳೆ ಹಾಸಿದರೆ ಒಳಗಿನ ಕತ್ತಲೆ ಹೋಗುತ್ತದೆ.

ಒಂದೇ ದೀಪ ನಡುವೆ ಇದ್ದರೆ ಕಟ್ಟೆಯ ಮುಂದೆ ನಿಂತಾಗ ನಮ್ಮದೇ ನೆರಳು ಈಳಿಗೆಯ ಮೇಲೆ ಬೀಳುತ್ತದೆ. ಮೇಲಿನ ಹಲಗೆಯ ಕೆಳಗೆ ಎರಡು ಅಡಿಯ 10 ವ್ಯಾಟ್ ಎಲ್‌ಇಡಿ ಪಟ್ಟಿ ಹಾಕಿಸಿ. ಇಡೀ ಕೆಲಸದಲ್ಲಿ ನಾನು ಮನಸಾರೆ ಖರ್ಚು ಮಾಡಿದ್ದು ಇದಕ್ಕೇ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಊರಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸೆಕೆಯ ಕೋಣೆ ಇನ್ನೂ ಸಣ್ಣದು ಅನ್ನಿಸುತ್ತದೆ. ಒಗ್ಗರಣೆಯ ಘಾಟು ಹೊರಗೆ ಹೋಗಲು ಒಲೆಯ ಹತ್ತಿರ, ಗೋಡೆಯ ಮೇಲ್ಭಾಗದಲ್ಲಿ ಎಕ್ಸಾಸ್ಟ್ ಫ್ಯಾನ್ ಬೇಕು. ಎದುರು ಬದಿಯಿಂದ ಗಾಳಿ ಒಳಗೆ ಬರಲು ಕಿಟಕಿಯೋ ಬಾಗಿಲೋ ತೆಗೆದಿರಬೇಕು. ಎಲ್ಲ ಮುಚ್ಚಿ ಫ್ಯಾನ್ ಹಾಕಿದರೆ ಅದು ಎಳೆಯುವುದಾದರೂ ಏನನ್ನು? ಸ್ವಂತ ಮನೆಯವರು ಬೇಸಿಗೆಗೆ ಮುಂಚೆ ಮಾಳಿಗೆಯ ಮೇಲೆ ಬಿಳಿ ಸುಣ್ಣ ಬಳಿಸಿದರೆ ಕೆಳಗಿನ ಕಾವು ಕಡಿಮೆಯಾಗುತ್ತದೆ.

ಯಾವಾಗ ಶುರು ಮಾಡಬೇಕು

ಸಂಕ್ರಾಂತಿ ಮುಗಿದ ಮೇಲೆ ಒಳ್ಳೆಯ ಸಮಯ. ಆಗ ಹೋದ ವರ್ಷದ ಚೀಲಗಳು ತಳ ಕಂಡಿರುತ್ತವೆ, ಖಾರದ ಭರಣಿ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. ಎತ್ತಿ ಇಳಿಸುವ ಕೆಲಸ ಹಗುರ. ಹಿಂಗಾರಿ ಬಿಳಿಜೋಳದ ರಾಶಿ ಮುಗಿದು ಹೊಸ ಜೋಳ ಪೇಟೆಗೆ ಬರುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಅಷ್ಟರೊಳಗೆ ಮಲಗುವ ಕೋಣೆಯ ಮೂಲೆಯಲ್ಲಿ ಮರದ ಹಲಗೆ ಹಾಕಿ ಸಿದ್ಧ ಮಾಡಿಡಿ. ಹೊಸ ಚೀಲ ಹೊತ್ತು ತಂದವರು ರೂಢಿಯಂತೆ ನೇರ ಅಡುಗೆ ಮನೆಗೆ ನುಗ್ಗುತ್ತಾರೆ. ಬಾಗಿಲಲ್ಲೇ ನಿಲ್ಲಿಸಿ, "ಅಣ್ಣಾ, ಇಲ್ಲಲ್ಲ, ಆ ಕಡೆ ಇಡ್ರಿ" ಅಂತ ಮೂಲೆ ತೋರಿಸಿ.